ಟ್ರಂಕಿನಲ್ಲಿರುವ ಸೀರೆಯೂ ಮನೆಯ ಕೌದಿಯೂ

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಒಂದು ಟ್ರಂಕು ಇದ್ದೇ ಇರುತ್ತದೆ. ಅದರ ತಳದಲ್ಲಿ ಯಾರೂ ಉಡದ, ಆದರೆ ಯಾರಿಗೂ ಕೊಡಲು ಮನಸ್ಸು ಬಾರದ ಕೆಲವು ಸೀರೆಗಳಿರುತ್ತವೆ. ಅಜ್ಜಿಯದೋ, ತಾಯಿಯದೋ, ಅತ್ತೆಯದೋ ಆಗಿದ್ದ ನೂಲಿನ ಸೀರೆಗಳು ಅವು. ವರ್ಷಕ್ಕೊಮ್ಮೆ, ಹಬ್ಬಕ್ಕೆ ಮುಂಚೆ ಮನೆ ತೊಳೆಯುವಾಗ, ಹೊರಗೆ ಬರುತ್ತವೆ. ಒಂದು ದಿನ ಬಿಸಿಲು ಕಾಯುತ್ತವೆ. ಸಂಜೆಗೆ ಅದೇ ಹಳೆಯ ಮಡಿಕೆಯಲ್ಲಿ ಮತ್ತೆ ಒಳಗೆ ಸೇರುತ್ತವೆ. ಇವನ್ನು ಏನು ಮಾಡಬೇಕು? ಹಾಗೆಯೇ ಇಟ್ಟುಕೊಳ್ಳುವುದು ಗೌರವವೆ? ಕತ್ತರಿ ಹಾಕುವುದು ತಪ್ಪೆ? ಈ ಪ್ರಶ್ನೆಗೆ ಕೌದಿ ಹೊಲಿಯುವ ಕೆಲಸದಲ್ಲಿ ಒಂದು ಉತ್ತರವಿದೆ.

ನನ್ನ ತಾಯಿ ತೀರಿಕೊಂಡ ಮೇಲೆ ತುಮಕೂರಿನ ನಮ್ಮ ಮನೆಯಲ್ಲಿ ಅವರ ಎಂಟು ಸೀರೆಗಳು ಉಳಿದವು. ಕುಣಿಗಲಿನಲ್ಲಿರುವ ನನ್ನ ತಂಗಿಯೂ ನಾನೂ ಹಂಚಿಕೊಳ್ಳೋಣವೆಂದು ಕುಳಿತೆವು. ಹಂಚಿಕೊಳ್ಳಲು ಕೈ ಬರಲಿಲ್ಲ. ಆರು ವರ್ಷ ಟ್ರಂಕಿನಲ್ಲಿಯೇ ಇದ್ದವು. ಏಳನೆಯ ವರ್ಷ ಬಿಡಿಸಿ ನೋಡಿದಾಗ ಮೂರು ಸೀರೆಗಳು ಮಡಿಕೆಯ ಗೆರೆಯಲ್ಲಿಯೇ ಸೀಳಿಬಂದವು. ಗುಬ್ಬಿಯಿಂದ ಬಂದಿದ್ದ ನಮ್ಮ ಸೋದರತ್ತೆ ಆ ಸೀಳನ್ನು ಬೆರಳಿನಿಂದ ಸವರಿ ನೋಡಿ, ಉಟ್ಟಿದ್ದರೆ ಇನ್ನೂ ನಾಲ್ಕು ವರ್ಷ ಬರುತ್ತಿತ್ತು, ಹೊಲಿದಿದ್ದರೆ ಇಪ್ಪತ್ತು ವರ್ಷ ಬರುತ್ತಿತ್ತು ಎಂದರು. ಬೇಸರದ ಮಾತೇ; ಆದರೆ ನಿಜವಾದ ಮಾತು.

ಇಟ್ಟ ಬಟ್ಟೆ ಏಕೆ ಸೀಳುತ್ತದೆ? ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟಾಗ ಆ ಗೆರೆಯ ಮೇಲಿನ ಎಳೆಗಳು ಬಾಗಿಯೇ ಇರುತ್ತವೆ. ಮೇಲಿನ ಸೀರೆಗಳ ಭಾರ ಅವುಗಳ ಮೇಲೆಯೇ ಬೀಳುತ್ತದೆ. ಗಂಜಿ ಹಾಕಿದ್ದರಂತೂ ಎಳೆ ಬಿರುಸಾಗಿ, ಬಾಗಿದ ಕಡೆ ಮುರಿಯುತ್ತದೆ. ಸಾಲದ್ದಕ್ಕೆ, ಪುಸ್ತಕದ ಅಂಟನ್ನು ತಿನ್ನುವ ಬೆಳ್ಳಿಬಣ್ಣದ ಸಣ್ಣ ಹುಳುವಿಗೆ ಗಂಜಿಯೂ ಆಹಾರವೇ. ಹೀಗಾಗಿ ಟ್ರಂಕಿನಲ್ಲಿದ್ದ ಮಾತ್ರಕ್ಕೆ ಬಟ್ಟೆ ಕ್ಷೇಮವಾಗಿದೆ ಎಂದು ತಿಳಿಯಬಾರದು. ಬಟ್ಟೆಗೆ ಗಾಳಿ, ನೀರು, ಬಳಕೆ ಬೇಕು.

ಕೌದಿ ಎಂದರೆ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದಲ್ಲಿ ಈ ಹೆಸರು ಮನೆಮಾತು. ನಮ್ಮ ಕಡೆಯ ಹಿರಿಯರಲ್ಲಿ ಕೆಲವರು ಬೊಂತೆ ಎನ್ನುತ್ತಾರೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯನ್ನು ಆಡುವಾಗ ನಾವು ನೆನೆಯುವುದು ಇದನ್ನೇ. ಗಾದೆಯಲ್ಲಿ ಸ್ವಲ್ಪ ತಾತ್ಸಾರವೂ ಇದೆ. ಬೊಂತೆ ಬಡವರ ಹೊದಿಕೆ, ನೆಂಟರು ಬಂದಾಗ ಒಳಗೆ ಸರಿಸಬೇಕಾದ ಹೊದಿಕೆ ಎಂಬ ಭಾವನೆ ಪಟ್ಟಣದ ಮನೆಗಳಲ್ಲಿ ಬೇರೂರಿತು. ಅಂಗಡಿಯ ರಗ್ಗು ಬಂದಿತು, ಕೌದಿ ಹೊಲಿಯುವ ಕೈಗಳು ಕಡಮೆಯಾದವು. ಆದರೆ ಇದು ಬರಿಯ ಬಡತನದ ಉಪಾಯವಲ್ಲ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧ್ ಹಾಗೂ ಕಚ್ಛದ ರಲ್ಲಿ, ಜಪಾನಿನ ಬೊರೊ ಇವೆಲ್ಲವೂ ಇದೇ ಬಳಗದವು. ಸವೆದ ನೂಲುಬಟ್ಟೆಯನ್ನು ಪದರ ಸೇರಿಸಿ ಸಾದಾ ಹೊಲಿಗೆಯಿಂದ ಗಟ್ಟಿಮಾಡುವ ವಿದ್ಯೆಯನ್ನು ಬೇರೆ ಬೇರೆ ದೇಶದ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ ಕಂಡುಕೊಂಡಿದ್ದಾರೆ.

ಈ ಕೆಲಸಕ್ಕೆ ಹೊಸ ಬಟ್ಟೆಗಿಂತ ಹಳೆಯದೇ ಮೇಲು. ಇದಕ್ಕೆ ಕಾರಣ ಮೂರು. ಮೊದಲನೆಯದಾಗಿ, ಹೊಸ ನೂಲುಬಟ್ಟೆ ಮೊದಲ ಕೆಲವು ಒಗೆತಗಳಲ್ಲಿ ನೂರಕ್ಕೆ ಮೂರರಿಂದ ಐದು ಭಾಗದವರೆಗೆ ಕುಗ್ಗಬಹುದು. ಏಳಡಿ ಉದ್ದದಲ್ಲಿ ಅದು ನಾಲ್ಕು ಅಂಗುಲದಷ್ಟಾದೀತು. ಹಳೆಯ ಸೀರೆಯ ಕುಗ್ಗುವಿಕೆ ಎಂದೋ ಮುಗಿದಿರುತ್ತದೆ. ಎರಡನೆಯದಾಗಿ, ಬಿಡುವಷ್ಟು ಬಣ್ಣವನ್ನು ಅದು ಆಗಲೇ ಬಿಟ್ಟಿರುತ್ತದೆ. ಮೂರನೆಯದಾಗಿ, ನೂರಾರು ಒಗೆತಗಳಿಂದ ಎಳೆ ಮೆತ್ತಗಾಗಿರುವುದರಿಂದ ನಾಲ್ಕೈದು ಪದರಗಳ ಮೂಲಕವೂ ಸೂಜಿ ಸಲೀಸಾಗಿ ಹಾಯುತ್ತದೆ.

ಹಳೆಯ ತೆಳು ಬಟ್ಟೆ ಬೆಚ್ಚಗಿಡುವುದು ಹೇಗೆ ಎಂದು ಕೇಳಬಹುದು. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ನಿಂತ ಗಾಳಿ. ಅಲುಗಾಡದ ಗಾಳಿಯ ಮೂಲಕ ಮೈಯ ಶಾಖ ಬೇಗ ಹೊರಗೆ ಹೋಗದು. ಪದರಗಳು ಒಂದು ಕಡೆಗೆ ಜಾರಿ ಗುಡ್ಡೆಯಾಗದಂತೆ ಹಿಡಿದಿಡುವುದು ಹೊಲಿಗೆಯ ಕೆಲಸ. ಸಾಲುಗಳು ತೀರ ದೂರವಾದರೆ ಪದರ ಜಾರುತ್ತದೆ. ತೀರ ಹತ್ತಿರವಾದರೆ ಗಾಳಿಗೆ ಜಾಗವಿಲ್ಲದೆ ಕೌದಿ ಹಲಗೆಯಂತಾಗುತ್ತದೆ. ಹೊದೆಯುವ ಕೌದಿಗೆ ಸಾಲಿನಿಂದ ಸಾಲಿಗೆ ಒಂದು ಅಂಗುಲ ಸರಿಯಾದ ಅಂತರ. ಹಾಸುವುದಕ್ಕಾದರೆ ಅರ್ಧ ಅಂಗುಲ ಇರಲಿ.

ಪದರಗಳ ಲೆಕ್ಕವೂ ಸುಲಭ. ನಾಲ್ಕು ಪದರ ಬೇಸಗೆಯ ರಾತ್ರಿಗೆ ಸಾಕು. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ತುಮಕೂರಿನ ಮಾರ್ಗಶಿರ, ಪುಷ್ಯ ಮಾಸಗಳ ಚಳಿಗೆ ಆರು ಪದರ ಬೇಕು. ಎಂಟು ದಾಟಿದರೆ ಸೂಜಿ ಹಾಯದು. ಒಗೆಯುವಾಗ ನೀರು ಕುಡಿದ ಕೌದಿಯನ್ನು ಒಬ್ಬರು ಎತ್ತಲಾರರು.

ಹದಿನೆಂಟು ಮೊಳದ ಸೀರೆ ಎಂದರೆ 9 ಗಜ, ಅಂದರೆ 27 ಅಡಿ. ಇದನ್ನು ನಾಲ್ಕು ಸಮಭಾಗ ಮಾಡಿದರೆ ಒಂದೊಂದು ತುಂಡು 6 ಅಡಿ 9 ಅಂಗುಲ ಉದ್ದ ಬರುತ್ತದೆ. ಅಗಲ ಸುಮಾರು 45 ಅಂಗುಲವಿರುತ್ತದೆ. ಆದ್ದರಿಂದ ಒಂದೇ ಸೀರೆಯಲ್ಲಿ ಒಬ್ಬರು ಹೊದೆಯುವ ಕೌದಿಗೆ ನಾಲ್ಕು ಪದರ ಸಿಕ್ಕಂತಾಯಿತು. ಈಗಿನ 6 ಗಜದ ಸೀರೆಯಾದರೆ ಆರಡಿಯ ಮೂರು ತುಂಡುಗಳಾಗುತ್ತವೆ. ಕತ್ತರಿಯಿಂದ ಉದ್ದಕ್ಕೂ ಕತ್ತರಿಸಬೇಡಿ. ಅಂಚಿನಲ್ಲಿ ಸಣ್ಣ ಕಚ್ಚು ಕೊಟ್ಟು ಕೈಯಿಂದ ಹರಿಯಿರಿ. ಬಟ್ಟೆ ಹೊಕ್ಕಿನ ಎಳೆಗುಂಟ ನೇರವಾಗಿ ಹರಿಯುತ್ತದೆ. ಸೀರೆಯ ಅಂಚಿನಲ್ಲಿ ಎಳೆಗಳು ಒತ್ತಾಗಿರುವುದರಿಂದ ಅದು ಕೊನೆಗೆ ಸವೆಯುವ ಭಾಗ. ಅಂಚುಗಳನ್ನು ಬೇರೆ ಎತ್ತಿಟ್ಟು ಕೌದಿಯ ನಾಲ್ಕು ಬದಿಗೆ ಕಟ್ಟಿರಿ.

ಹೊಲಿಯುವುದಕ್ಕೆ ಮುಂಚೆ ಎರಡು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು ಎಳೆಯ ಪರೀಕ್ಷೆ. ಈಚಿನ ದಶಕಗಳ ಸೀರೆಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್ ಅಥವಾ ಬೆರಕೆ ಎಳೆಯವು; ಕಣ್ಣಿಗೆ ನೂಲಿನಂತೆಯೇ ಕಾಣುತ್ತವೆ. ಒಂದೆರಡು ಎಳೆ ಹಿರಿದು, ಚಿಮಟಿಗೆಯಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ನೂಲು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಬೆವರು ಹೀರುವುದಿಲ್ಲ, ಪದರಗಳಲ್ಲಿ ಜಾರುತ್ತದೆ, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತದೆ. ಕೌದಿಗೆ ಅದನ್ನು ಸೇರಿಸಲೇಬೇಡಿ. ಅದಕ್ಕೆ ಬೇರೆ ಉಪಯೋಗವಿದೆ, ಮುಂದೆ ಹೇಳುತ್ತೇನೆ.

ಎರಡನೆಯದು ಬಣ್ಣದ ಪರೀಕ್ಷೆ. ಬಟ್ಟೆಯ ಒಂದು ಮೂಲೆಯನ್ನು ನೆನೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿಯಿಂದ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬಿಡಿ, ಇಲ್ಲವೆ ಬಣ್ಣ ನಿಲ್ಲುವವರೆಗೂ ಮತ್ತೆ ಮತ್ತೆ ಒಗೆಯಿರಿ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಬಣ್ಣ ಹಾಕುವ ಕಾಲದಲ್ಲಿ ಉಪ್ಪಿಗೆ ಕೆಲಸವುಂಟು. ಹಾಕಿ ಮುಗಿದ ಮೇಲೆ ಬಿಡುವ ಬಣ್ಣವನ್ನು ಅದು ಹಿಡಿದಿಡಲಾರದು. ನನ್ನ ಮೊದಲ ಕೌದಿಗೆ ಅಂದವಾಗಲೆಂದು ಅಂಗಡಿಯಿಂದ ಹೊಸ ಕೆಂಪು ಬಟ್ಟೆ ತಂದು, ನೆನೆಸದೆಯೇ ಬದಿ ಕಟ್ಟಿದೆ. ಮೊದಲ ಒಗೆತಕ್ಕೇ ಬದಿ ಕುಗ್ಗಿ ಕೌದಿ ದೋಣಿಯಂತೆ ಮುದುರಿತು. ತಾಯಿಯ ತಿಳಿಬಣ್ಣದ ಸೀರೆಯ ಮೇಲೆಲ್ಲ ಗುಲಾಬಿ ಕಲೆ ಹರಡಿತು. ಆ ಕಲೆ ಇಂದಿಗೂ ಹೋಗಿಲ್ಲ. ಓದುವವರಾದರೂ ಹಾಗೆ ಮಾಡದಿರಲಿ ಎಂದು ಬರೆದಿದ್ದೇನೆ.

ಇನ್ನು ಹೊಲಿಯುವ ಬಗೆ. ಬಟ್ಟೆಗಳನ್ನು ಗಂಜಿ ಪೂರ್ತಿ ಹೋಗುವಂತೆ ಒಗೆದು, ಒಣಗಿಸಿ, ಸುಕ್ಕು ಬಿಡಿಸಿ. ಗುಡಿಸಿ ಒರಸಿದ ನೆಲದ ಮೇಲೆ ಒಂದು ಗಟ್ಟಿಯಾದ ಸೀರೆಯನ್ನು ಹಾಸಿ. ಇದು ತಳ. ಇದರ ಮೇಲೆ ಸವೆದ, ಹರಿದ ಬಟ್ಟೆಗಳನ್ನು ಸಮವಾಗಿ ಹರಡಿ. ತೂತಿನ ಮೇಲೆ ತೂತು ಬರದಂತೆ ನೋಡಿಕೊಂಡರೆ ಸಾಕು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎಲ್ಲಕ್ಕೂ ಮೇಲೆ ಚೆನ್ನಾಗಿರುವ ಸೀರೆ ಅಥವಾ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದ ಹೊದಿಕೆ. ಕತ್ತಿನ ಕಡೆ ಹಾಗೂ ಕಾಲಿನ ಕಡೆ ಎಳೆದಾಟ ಹೆಚ್ಚು. ಗಟ್ಟಿ ತುಂಡುಗಳು ಅಲ್ಲಿರಲಿ. ಆಮೇಲೆ ಮಧ್ಯದಿಂದ ಹೊರಕ್ಕೆ ಅಂಗೈಯಿಂದ ಸವರಿ, ಗೇಣಿಗೊಂದರಂತೆ ಉದ್ದುದ್ದ ಟಾಕು ಹಾಕಿ. ಇವು ತಾತ್ಕಾಲಿಕ ಹೊಲಿಗೆಗಳು, ಕೊನೆಗೆ ಬಿಚ್ಚಿಬಿಡಬೇಕು. ಟಾಕು ಹಾಕದೆ ಆರಂಭಿಸಿದರೆ ಮುಗಿಯುವ ಹೊತ್ತಿಗೆ ಮೇಲಿನ ಪದರ ಒಂದು ಕಡೆ ಉಬ್ಬಿ, ಕೆಳಗಿನದು ನೆರಿಗೆ ಬಿದ್ದಿರುತ್ತದೆ.

ಸೂಜಿಯ ವಿಷಯದಲ್ಲಿ ಒಂದು ಮಾತು. ಗುಬ್ಬಿ, ತಿಪಟೂರು ಕಡೆ ಅಡಿಕೆ, ಕೊಬ್ಬರಿ ಚೀಲಗಳ ಬಾಯಿ ಹೊಲಿಯುವ ದಬ್ಬಣ ಮನೆಯಲ್ಲಿ ಸಿಕ್ಕೀತು. ಅದು ಗೋಣಿಗೆ ಸರಿ, ಕೌದಿಗಲ್ಲ. ಅದು ಮಾಡುವ ತೂತಿನಿಂದಲೇ ಹಳೆಯ ಬಟ್ಟೆ ಹರಿಯಲು ತೊಡಗುತ್ತದೆ. ದಾರ ಹಿಡಿಯುವಷ್ಟು ಕಣ್ಣಿರುವ, ಎರಡು ಅಂಗುಲದಷ್ಟು ಉದ್ದದ ಸೂಜಿ ಸಾಕು. ದಾರ ನೂಲಿನದೇ ಆಗಿರಲಿ. ಗಟ್ಟಿ ನೈಲಾನ್ ದಾರ ಹಾಕಿದರೆ ಅದು ಹರಿಯುವುದಿಲ್ಲ, ಬಟ್ಟೆಯನ್ನೇ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ಉಪಾಯವಿಲ್ಲ. ಒಂದು ಮಾರಿಗಿಂತ ಹೆಚ್ಚು ದಾರ ಪೋಣಿಸಬೇಡಿ, ಸಿಕ್ಕಾಗುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ದಾರ ನುಣುಪಾಗಿ ಹಾಯುತ್ತದೆ.

ಹೊಲಿಗೆ ತೀರ ಸರಳವಾದದ್ದು. ಸೂಜಿ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಅಂಗುಲಕ್ಕೆ ಮೂರು ಹೊಲಿಗೆ. ಪ್ರತಿ ಸಲವೂ ಸೂಜಿಯ ತುದಿ ತಳದ ಸೀರೆಗೆ ತಗುಲಿತೇ ಎಂಬುದನ್ನು ಕೆಳಗಿನ ಕೈಯ ಬೆರಳು ಹೇಳಬೇಕು. ದಾರವನ್ನು ಬಿಗಿಯಾಗಿ ಎಳೆಯಬಾರದು. ಬದಿ ಕಟ್ಟುವುದಕ್ಕೂ ತುಂಡು ಜೋಡಿಸುವುದಕ್ಕೂ ಹೊಲಿಗೆ ಯಂತ್ರವನ್ನು ಧಾರಾಳವಾಗಿ ಬಳಸಿ. ಆದರೆ ಸಾಲುಗಳನ್ನು ಕೈಯಲ್ಲೇ ಹೊಲಿಯುವುದು ಒಳ್ಳೆಯದು. ಮನೆಯ ಯಂತ್ರದ ಕಾಲಿನ ಕೆಳಗೆ ಆರು ಪದರಗಳು ಒಂದೇ ವೇಗದಲ್ಲಿ ಸರಿಯುವುದಿಲ್ಲ, ಮೇಲಿನದು ಹಿಂದೆ ಬೀಳುತ್ತದೆ.

45 ಅಂಗುಲ ಅಗಲದ ಕೌದಿಗೆ ಅಂಗುಲಕ್ಕೊಂದರಂತೆ ಸುಮಾರು 45 ಸಾಲು. ಒಂದು ಸಾಲಿಗೆ ಹೆಚ್ಚುಕಡಮೆ 250 ಹೊಲಿಗೆ. ಹೊಸಬರಿಗೆ ಅರ್ಧ ಗಂಟೆಯ ಕೆಲಸ. ದಿನಕ್ಕೊಂದು ಸಾಲು ಹೊಲಿದರೆ ಒಂದು ಮಂಡಲದೊಳಗೆ ಕೌದಿ ಸಿದ್ಧ. ಜೋಡಿ ಎಳೆಯಲ್ಲಿ ಹೊಲಿದರೆ, ಬದಿಯೂ ಸೇರಿ, 300 ಗಜ ದಾರ ಇಟ್ಟುಕೊಳ್ಳಬೇಕು. ಗಣೇಶನ ಹಬ್ಬ ಕಳೆದ ಮೇಲೆ ಆರಂಭಿಸಿದವರಿಗೆ ಕಾರ್ತಿಕದ ಚಳಿಗೆ ಹೊದಿಕೆ ಒದಗುತ್ತದೆ. ಈ ಕೆಲಸ ಕೈಯನ್ನೂ ಕಣ್ಣನ್ನೂ ಬೇಡುತ್ತದೆಯೇ ಹೊರತು ಕಿವಿಯನ್ನು ಬೇಡುವುದಿಲ್ಲ. ಮಧ್ಯಾಹ್ನದ ಮಹಿಳಾ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಒಂದು ಸಾಲು ಮುಗಿದಿರುತ್ತದೆ ಎಂಬುದು ನನ್ನ ಅನುಭವ.

ಮೇಲೆ ಹೇಳಿದ್ದು ನೇರ ಸಾಲಿನ ಪದ್ಧತಿ. ಇದಕ್ಕಿಂತ ಬೇರೆಯಾದ ಪದ್ಧತಿಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನರ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಉದ್ದಕ್ಕೂ ತುಂಡುಗಳನ್ನಿಟ್ಟು ಹೊಲಿಯುತ್ತ, ಸುತ್ತುಸುತ್ತಾಗಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ತುಂಡು ಜೋಡಿಸುವುದೂ ಪದರ ಹೊಲಿಯುವುದೂ ಅವರಲ್ಲಿ ಒಂದೇ ಕೆಲಸ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಕೂರಿಸುವ ಹೂವಿಗೆ ಫೂಲ ಎಂದು ಹೆಸರು. ಅದಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಕೆಲವರು ನಡುವಿನ ಕೊನೆಯ ತುಂಡಿನೊಳಗೆ ನಾಲ್ಕು ಕಾಳು ಅಕ್ಕಿ ಇಡುವುದೂ ಉಂಟು. ಇವರ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಷಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ನೆಂಟರ ಕಣ್ಣಿಗೆ ಬೀಳದಂತೆ ನಾವು ಒಳಗೆ ಸರಿಸುತ್ತಿದ್ದ ವಸ್ತುವನ್ನು ಅಲ್ಲಿ ಗೋಡೆಗೆ ತೂಗುಹಾಕಿ ನೋಡಿದರು. ಸಣ್ಣ ಸಣ್ಣ ತುಂಡುಗಳೇ ಹೆಚ್ಚಾಗಿರುವ ಮನೆಗೆ ಈ ಸುತ್ತಿನ ಪದ್ಧತಿ ಒಳ್ಳೆಯದು. ಇಡೀ ಸೀರೆಗಳಿರುವ ಮನೆಗೆ ನೇರ ಸಾಲು ಸುಲಭ.

ಮೊದಲ ಬಾರಿಗೇ ಕೌದಿಗೆ ಕೈ ಹಾಕಲು ಅಳುಕಾಗುವವರು ಸಣ್ಣದರಿಂದ ಆರಂಭಿಸಬಹುದು. 15 ಅಂಗುಲ ಚೌಕದ ಮಣೆಹಾಸು ಹೊಲಿಯಿರಿ. ಹದಿನಾಲ್ಕು ಸಾಲು, ಎರಡು ಮಧ್ಯಾಹ್ನದ ಕೆಲಸ, ಕೈ ಪಳಗುತ್ತದೆ. ಎರಡನೆಯದಾಗಿ, ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ. ಎಂಟು ಅಂಗುಲ ಚೌಕ, ಎಂಟು ಪದರ, ಎಲ್ಲವೂ ನೂಲಿನದೇ. ಪಾಲಿಯೆಸ್ಟರ್ ಇಲ್ಲಿ ಅಪಾಯ. ಪಾಲಿಯೆಸ್ಟರ್ ಸೀರೆಗೆ ಹೇಳಿಮಾಡಿಸಿದ ಕೆಲಸ ಸಂತೆಯ ಚೀಲ. ಎರಡು ಪದರ ಸೇರಿಸಿ ಯಂತ್ರದಲ್ಲಿ ಹೊಲಿದರೆ ಹಗುರ, ಗಟ್ಟಿ, ಬೇಗ ಒಣಗುತ್ತದೆ. ನನ್ನ ತಂಗಿ ಕುಣಿಗಲಿನಲ್ಲಿ ತನ್ನ ಬೀದಿಯ ಮನೆಗಳಿಗೆಲ್ಲ ಒಂದೊಂದು ಚೀಲ ಹೊಲಿದುಕೊಟ್ಟಿದ್ದಾಳೆ. ಹಿಂದೆ ರೇಡಿಯೋ ಪೆಟ್ಟಿಗೆಗೆ ಹಾಕುತ್ತಿದ್ದ ಮುಸುಕನ್ನೂ ಸೀರೆಯ ಸೆರಗಿನಿಂದ ಹೊಲಿಯಬಹುದು, ಹಿಂಬದಿ ತೆರೆದಿರಲಿ.

ಕೂಸಿನ ಕೌದಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಒಂದು ವರ್ಷದೊಳಗಿನ ಕೂಸು ಮಲಗುವ ಕಡೆ ಸಡಿಲವಾದ ಹೊದಿಕೆ, ಮೆತ್ತನೆಯ ದಿಂಬು ಇರಕೂಡದೆಂದು ವೈದ್ಯರು ಹೇಳುತ್ತಾರೆ. ಹೊದಿಕೆ ಮುಖದ ಮೇಲೆ ಬಂದರೆ ಸರಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಆದ್ದರಿಂದ ಕೂಸಿಗೆ ಹೊಲಿಯುವ ಮೂರಡಿ ಚೌಕದ ಕೌದಿ ಎಚ್ಚರವಾಗಿರುವಾಗ ನೆಲದ ಮೇಲೆ ಹಾಸಿ ಆಡಿಸುವುದಕ್ಕೆ ಇರಲಿ.

ಕೌದಿಯನ್ನು ಚಳಿಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಒಗೆದರೆ ಸಾಕು. ಹಿಂಡಬೇಡಿ, ಮಡಿಸಿ ಒತ್ತಿ ನೀರು ಇಳಿಸಿ, ಗಾಳಿಯಾಡುವ ಕಡೆ ಹರಡಿ. ಹೊಲಿಗೆ ಬಿಟ್ಟ ಕಡೆ ಆಗಲೇ ಎರಡು ಹೊಲಿಗೆ ಹಾಕಿ. ತೂತು ಬಿದ್ದರೆ ಮೇಲೊಂದು ತುಂಡು ಹಚ್ಚಿ. ಹೀಗೆ ತೇಪೆ ಸೇರುತ್ತ ಹೋದಂತೆ ಕೌದಿಯಲ್ಲಿ ಮನೆಯ ಎಲ್ಲರ ಬಟ್ಟೆಯೂ ಸೇರುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರುತ್ತೇನೆ. ಎಲ್ಲ ಸೀರೆಗಳಿಗೂ ಕತ್ತರಿ ಹಾಕಬೇಕೆಂದು ನಾನು ಹೇಳುವುದಿಲ್ಲ. ಜರಿಯ ರೇಷ್ಮೆ ಸೀರೆ ಕೌದಿಗೆ ಒದಗುವುದಿಲ್ಲ. ಅದನ್ನು ಬಿಳಿ ನೂಲುಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ ಇಡಬೇಕು. ನೂಲಿನ ಸೀರೆಗಳಲ್ಲಿಯೂ ಒಂದನ್ನು ನೆನಪಿಗೆ ಉಳಿಸಿಕೊಳ್ಳಿ. ಗಂಜಿ ತೆಗೆದು, ಮಡಿಸದೆ ಸುರುಳಿ ಸುತ್ತಿಡಿ. ಉಳಿದವನ್ನು ಬಳಕೆಗೆ ತನ್ನಿ.

ನಮ್ಮ ತಾಯಿಯ ಎಂಟು ಸೀರೆಗಳಲ್ಲಿ ಒಂದು ಹಾಗೆ ಸುರುಳಿಯಾಗಿ ನನ್ನ ಬೀರುವಿನಲ್ಲಿದೆ. ನಾಲ್ಕು ಸೀರೆಗಳು ಎರಡು ಕೌದಿಗಳ ಮೇಲೂ ಕೆಳಗೂ ಹೋದವು. ಮಡಿಕೆಯಲ್ಲಿ ಸೀಳಿದ್ದ ಮೂರನ್ನೂ ಹರಡಿ ಆ ಎರಡು ಕೌದಿಗಳ ಒಳಪದರ ಮಾಡಿದೆವು, ಯಾವುದೂ ವ್ಯರ್ಥವಾಗಲಿಲ್ಲ. ಹಂಚಿಕೊಳ್ಳಲಾರದೆ ಆರು ವರ್ಷ ಕಳೆದಿದ್ದ ನಾವು ಈಗ ಹಂಚಿಕೊಂಡಿದ್ದೇವೆ. ಒಂದು ಕೌದಿ ಕುಣಿಗಲಿನಲ್ಲಿ, ಒಂದು ತುಮಕೂರಿನಲ್ಲಿ. ಗುಲಾಬಿ ಕಲೆಯಿರುವುದು ನನ್ನ ಪಾಲಿಗೆ ಬಂದಿತು. ಸಾಲು ಎಲ್ಲಿ ನೇರವಾಗಿದೆಯೋ ಅಲ್ಲಿ ಸೋದರತ್ತೆಯ ಕೈ. ಎಲ್ಲಿ ಸೊಟ್ಟಗಿದೆಯೋ ಅಲ್ಲಿ ನನ್ನದು. ಗುಬ್ಬಿಯ ಆ ಹಿರಿಯರಿಗೆ ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ. ನಿಮ್ಮ ಮನೆಯಲ್ಲಿಯೂ ನೆರೆಯಲ್ಲಿಯೂ ಈ ಕೆಲಸ ಬಲ್ಲ ಹಿರಿಯರಿದ್ದರೆ, ಅವರ ಕಣ್ಣು ಮಂಜಾಗುವ ಮುಂಚೆಯೇ ಅವರ ಪಕ್ಕದಲ್ಲಿ ಕುಳಿತು ಒಂದು ಸಾಲನ್ನಾದರೂ ಹೊಲಿದು ಕಲಿಯಿರಿ. ಟ್ರಂಕನ್ನು ತೆರೆಯುವುದಕ್ಕೆ ಮುಂದಿನ ಹಬ್ಬದವರೆಗೆ ಕಾಯಬೇಕಾಗಿಲ್ಲ.